ಅನಿಮೆ ಬಾಗಿಲಿನ ಕಾವಲುಗಾರರು

ಅನಿಮೆ (ಜಪಾನಿ ಅನಿಮೇಷನ್) ಅಭಿಮಾನಿಗಳ ಡಿಸ್ಕಾರ್ಡ್ ಹರಟೆ ಗುಂಪಿಗೆ ಹೊಸಬಳೊಬ್ಬಳು ಬಂದು ‘ನಂಗೆ ನರುಟೊ ಅಂದ್ರೆ ಪ್ರಾಣ’ ಅಂದಳೆನ್ನಿ. ಬಾ ಎನ್ನುವವರಿಗಿಂತ ಮೊದಲು ಪ್ರಶ್ನೆ ಕೇಳುವವರು ಬರುತ್ತಾರೆ. ಸಬ್‌ಟೈಟಲ್ ಇರುವ ಸಬ್ ನೋಡಿದ್ಯಾ, ದನಿ ಬದಲಿಸಿದ ಡಬ್ಬಾ? 220 ಕಂತೂ ಮುಗಿಸಿದ್ಯಾ, ಮೂಲಕಥೆಯಲ್ಲಿಲ್ಲದ ಫಿಲ್ಲರ್ ಕಂತು ಹಾರಿಸಿದ್ಯಾ? ಮೂಲದ ಕಾಮಿಕ್ಸ್ (ಮಾಂಗಾ) ಓದಿದ್ಯಾ? ಹುಡುಗಿ ಅಂತ ಗೊತ್ತಾದರೆ ಇನ್ನೆರಡು ಪ್ರಶ್ನೆ ಜಾಸ್ತಿ. ಗುಂಪಿನ ನಿಯಮಾವಳಿಯಲ್ಲಿ ಇದ್ಯಾವುದೂ ಇರುವುದಿಲ್ಲ. ಬೈಯಬೇಡಿ, ಕಥೆಯ ಗುಟ್ಟು ಒಡೆಯಬೇಡಿ ಎಂದಷ್ಟೇ ಇರುತ್ತದೆ. ಬರೆಯದ ನಿಯಮ ಗೊತ್ತಾಗುವುದು ಮುರಿದ ಮೇಲೆಯೇ.

ಈ ಬಿಗುವಿಗೊಂದು ಚರಿತ್ರೆಯಿದೆ, ಅದೇನೂ ನಾಚಿಕೆಪಡುವಂಥದ್ದಲ್ಲ. 1990ರ ದಶಕದ ಅಮೆರಿಕದಲ್ಲಿ ಅಭಿಮಾನಿಗಳೇ ಜಪಾನಿ ಸರಣಿಗಳನ್ನು ಅನುವಾದಿಸಿ, ಸಬ್‌ಟೈಟಲ್ ಕೂರಿಸಿ, ವಿಎಚ್‌ಎಸ್ ಟೇಪುಗಳಲ್ಲಿ ಹಂಚುತ್ತಿದ್ದರು. ಬೇಕಾದವರು ಖಾಲಿ ಟೇಪನ್ನೂ ವಾಪಸು ಕಳಿಸುವ ಅಂಚೆ ಖರ್ಚನ್ನೂ ಕಳಿಸಬೇಕು. ತೆರೆಯ ಮೇಲೆ ‘ಮಾರಾಟಕ್ಕಲ್ಲ’ ಎಂಬ ಸಾಲು. ಯಾವುದಾದರೂ ಕಂಪನಿ ಹಕ್ಕು ಕೊಂಡಿತೋ, ಹಂಚಿಕೆ ನಿಲ್ಲಿಸಬೇಕು. ಕಾನೂನಿನ ಕಣ್ಣಿಗೆ ಇದೂ ಕದ್ದ ಮಾಲೇ. ಎಲ್ಲರೂ ಮಾತಿಗೆ ತಪ್ಪದೆ ನಡೆದರು ಎಂದೂ ಅಲ್ಲ. ಆದರೂ ಆ ಕಟ್ಟುಪಾಡು ಕಟ್ಟಿಹಾಕುತ್ತಿದ್ದುದು ಹಂಚುವವರನ್ನು. ಈಗಿನದು ಹಳಬರಿಗೆ ಏನೂ ಖರ್ಚಿಲ್ಲದ ನಿಯಮ, ಬೆಲೆ ತೆರಬೇಕಾದವರು ಹೊಸಬರು. ನನ್ನ ತಕರಾರು ಇರುವುದೇ ಇಲ್ಲಿ.

2006ರಲ್ಲಿ ಅಭಿಮಾನಿಗಳ ಸಬ್‌ಗಳನ್ನೇ ಅನುಮತಿಯಿಲ್ಲದೆ ತೋರಿಸುತ್ತ ಹುಟ್ಟಿದ ಅನಿಮೆ ತಾಣ ಕ್ರಂಚಿರೋಲ್ ಅನ್ನು ಸೋನಿ 2021ರಲ್ಲಿ 117.5 ಕೋಟಿ ಡಾಲರಿಗೆ ಕೊಂಡಿತು. ಸರಕಿನ ಅಭಾವ ಹೋಯಿತು, ಕಾವಲು ಮಾತ್ರ ಉಳಿಯಿತು. ಅಭಿಮಾನಿಗಳು ಅಂಕ ಕೊಡುವ ತಾಣ ಮೈಅನಿಮೆಲಿಸ್ಟ್‌ನಲ್ಲಿ ‘ಫುಲ್‌ಮೆಟಲ್ ಆಲ್ಕೆಮಿಸ್ಟ್: ಬ್ರದರ್‌ಹುಡ್’ನ ಮೊದಲ ಸ್ಥಾನಕ್ಕೆ ಹೊಸ ಸರಣಿ ಹತ್ತಿರ ಬಂದರೆ ಸಾಕು, ಹತ್ತಕ್ಕೆ ಒಂದು ಅಂಕ ಕೊಟ್ಟು ಕೆಳಗೆಳೆಯುವವರು ಸಿದ್ಧರಿರುತ್ತಿದ್ದರು. (ಬ್ರದರ್‌ಹುಡ್ ನಿಜಕ್ಕೂ ಚೆನ್ನಾಗಿದೆ, ಇಂಥ ಅಂಗರಕ್ಷಕರು ಅದಕ್ಕೆ ಬೇಕಿರಲಿಲ್ಲ.) ಕೊನೆಗೆ 2023ರಲ್ಲಿ ‘ಫ್ರೀರೆನ್’ ಆ ಪಟ್ಟಕ್ಕೇರಿತು.

ಡಬ್ ನೋಡುವವರನ್ನು ಕೀಳಾಗಿ ಕಾಣುವ ಚಾಳಿ ಕನ್ನಡಿಗರಿಗೆ ಬೇರೆ ರೀತಿಯಲ್ಲಿ ಪರಿಚಿತ. ಇಲ್ಲಿ ಡಬ್ಬಿಂಗ್‌ಗೆ ದಶಕಗಟ್ಟಲೆ ಬರೆಯದ ನಿಷೇಧವಿತ್ತು. 2015ರಲ್ಲಿ ಅದಕ್ಕಾಗಿ ಭಾರತೀಯ ಸ್ಪರ್ಧಾ ಆಯೋಗ ಚಲನಚಿತ್ರ ವಾಣಿಜ್ಯ ಮಂಡಳಿಗೂ ಬೇರೆ ಸಂಘಗಳಿಗೂ ದಂಡ ಹಾಕಿತು. ಆ ನಿಷೇಧ ಒಪ್ಪಲಿ ಬಿಡಲಿ, ಅದರ ಹಿಂದೆ ಕಲಾವಿದರ ಅನ್ನದ ಪ್ರಶ್ನೆಯಿತ್ತು, ಭಾಷೆಯ ಆತಂಕವಿತ್ತು. ಸಬ್ ಪಕ್ಷದವರ ಹತ್ತಿರ ಇರುವುದು ಅಭಿರುಚಿಯ ಜಂಬ. ಹಿಂದಿ ಡಬ್‌ನಲ್ಲಿ ಡ್ರ್ಯಾಗನ್ ಬಾಲ್ ನೋಡಿ ಬೆಳೆದ ಹುಡುಗರೂ ದೊಡ್ಡವರಾಗಿ ಅದೇ ಜಂಬ ಕಲಿತಿದ್ದಾರೆ.

ನಿಯಮವೇ ಬೇಡ ಎನ್ನುವವನಲ್ಲ ನಾನು. 1975ರಲ್ಲಿ ಟೋಕಿಯೊದಲ್ಲಿ ಶುರುವಾದ, ಅಭಿಮಾನಿಗಳೇ ಅಚ್ಚುಹಾಕಿದ ಕಾಮಿಕ್ಸ್ ಮಾರುವ ಕಾಮಿಕೆಟ್ ಮೇಳದಲ್ಲಿ ಕಟ್ಟುನಿಟ್ಟು ಬೇಕಾದಷ್ಟಿದೆ: ರಾತ್ರಿಯಿಡೀ ಸಾಲು ನಿಲ್ಲುವಂತಿಲ್ಲ, ಮನೆಯಿಂದಲೇ ವೇಷ ಹಾಕಿಕೊಂಡು ಬರುವಂತಿಲ್ಲ. ಆದರೆ ಎಲ್ಲವನ್ನೂ ಅಚ್ಚುಹಾಕಿಸಿ ಕೈಗೆ ಕೊಡುತ್ತಾರೆ. ಕೊಳ್ಳುವವರು, ಮಾರುವವರು, ಸ್ವಯಂಸೇವಕರು ಎಲ್ಲರೂ ಅಲ್ಲಿ ‘ಭಾಗವಹಿಸುವವರು’. ಗಿರಾಕಿ ಅಂತ ಯಾರೂ ಇಲ್ಲ. ರಾತ್ರಿ ಸಾಲು ನಿಲ್ಲುವವರು ಈಗಲೂ ಇದ್ದಾರೆ, ಅವರನ್ನು ಬೈಯುವುದಕ್ಕೂ ಅಲ್ಲಿ ಅಚ್ಚಾದ ಆಧಾರವಿದೆ.