ನೆಲ ನಿಜಕ್ಕೂ ಡೊಂಕಾಗಿದೆ

ಬೆಂಗಳೂರಿನ ಮತ್ತಿಕೆರೆಯ ಸೈಬರ್ ಸೆಂಟರ್‌ಗಳಿಗೆ ರಾಮಯ್ಯ ಕಾಲೇಜಿನ ಹುಡುಗರು ಪ್ರಿಂಟ್ ತೆಗೆಸಲು ಬರುತ್ತಾರೆ. ಹಿರಿಯರು ಬರುವುದು ಅರ್ಜಿ ಹಾಕಿಸಲು. ಅವರ ಜೇಬಿನಲ್ಲೂ ಸ್ಮಾರ್ಟ್‌ಫೋನ್ ಇರುತ್ತದೆ. ಆದರೂ ಯಾಕೆ ಬಂದಿರಿ ಎಂದರೆ, ‘ನಮಗೆ ಇದೆಲ್ಲ ಗೊತ್ತಾಗಲ್ಲಪ್ಪ’ ಎನ್ನುತ್ತಾರೆ. ವೆಬ್ ವಿನ್ಯಾಸದ ಬಗ್ಗೆ ಯೋಚಿಸುವಾಗಲೆಲ್ಲ ನನ್ನನ್ನು ಕಾಡುವ ಮಾತು ಇದು.

ಹುಟ್ಟಿದ ದಿನಾಂಕವನ್ನೇ ನೋಡಿ. ಎಷ್ಟೋ ಅರ್ಜಿಗಳಲ್ಲಿ ಆ ಜಾಗ ಮುಟ್ಟಿದರೆ ಈ ತಿಂಗಳ ಕ್ಯಾಲೆಂಡರ್ ತೆರೆದುಕೊಳ್ಳುತ್ತದೆ. ಪಕ್ಕದ ಪುಟ್ಟ ಬಾಣ ಒತ್ತಿದರೆ ಒಂದು ತಿಂಗಳು ಹಿಂದಕ್ಕೆ. 1958ರ ಜೂನ್‌ನಲ್ಲಿ ಹುಟ್ಟಿದವರು 2025ರ ಜೂನ್‌ನಲ್ಲಿ ಅರ್ಜಿ ತುಂಬಿದರೆ ಅದನ್ನು 804 ಸಲ ಒತ್ತಬೇಕು! ಮೇಲಿರುವ ಇಸವಿಯನ್ನೇ ಮುಟ್ಟಿದರೆ ವರ್ಷಗಳ ಪಟ್ಟಿ ಬರುವುದುಂಟು. ಆದರೆ ಅದು ಒತ್ತುವಂಥದ್ದು ಎನ್ನುವ ಸುಳಿವೇ ಅಲ್ಲಿರುವುದಿಲ್ಲ. ಯಶವಂತಪುರದಿಂದ ರೈಲು ಹತ್ತುವವರಿಗೆ ಕ್ಯಾಲೆಂಡರ್ ಬೇಕು, ಹೊರಡುವುದು ಯಾವ ವಾರ ಎಂದು ನೋಡಬೇಕಲ್ಲ. ಹುಟ್ಟಿದ ದಿನವಾದರೋ ಬಾಯಿಪಾಠ. ಬ್ರಿಟನ್ ಸರ್ಕಾರದ ವಿನ್ಯಾಸ ಮಾರ್ಗಸೂಚಿ ಇಂಥ ದಿನಾಂಕಕ್ಕೆ ದಿನ, ತಿಂಗಳು, ವರ್ಷ ಎಂದು ಮೂರು ಖಾಲಿ ಚೌಕಗಳನ್ನಷ್ಟೇ ಕೊಡಿ ಎನ್ನುತ್ತದೆ.

ಆಧಾರ್ ಸಂಖ್ಯೆಯದೂ ಇದೇ ಪಾಡು. ಹನ್ನೆರಡು ಅಂಕಿ ಒಟ್ಟಿಗೆ ಕಣ್ಣಿಗೆ ನಿಲ್ಲುವುದಿಲ್ಲ, ನಾಲ್ಕು ನಾಲ್ಕಾಗಿ ಬಿಡಿಸಿದರೆ ನಿಲ್ಲುತ್ತದೆ. ಕಾರ್ಡಿನಲ್ಲಿ ಹಾಗೆಯೇ ಅಚ್ಚಾಗಿದೆ. ಅದನ್ನು ನೋಡಿಕೊಂಡು ನಡುವೆ ಜಾಗ ಬಿಟ್ಟು ಟೈಪ್ ಮಾಡಿದರೆ ಕೆಲವು ಅರ್ಜಿಗಳು ಕೆಂಪು ಅಕ್ಷರದಲ್ಲಿ ‘ತಪ್ಪು ಸಂಖ್ಯೆ’ ಎಂದು ಗದರುತ್ತವೆ. ಆ ಖಾಲಿ ಜಾಗವನ್ನು ತೆಗೆದುಹಾಕುವುದು ಕಂಪ್ಯೂಟರಿಗೆ ಕ್ಷಣದ ಕೆಲಸ.

ವಸ್ತುವಿನ ವಿನ್ಯಾಸ ಕೆಟ್ಟಿದ್ದರೂ ಜನ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆ ಎಂದು ವಿನ್ಯಾಸ ತಜ್ಞ ಡಾನ್ ನಾರ್ಮನ್ 1988ರ ತಮ್ಮ ಪುಸ್ತಕದಲ್ಲೇ ಬರೆದಿದ್ದರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ನಮ್ಮ ಗಾದೆ ಇಲ್ಲಿ ತಿರುವುಮುರುವು. ನೆಲ ನಿಜಕ್ಕೂ ಡೊಂಕಾಗಿದೆ, ಕುಣಿಯುವವರು ತಮ್ಮ ಕಾಲನ್ನೇ ಬೈದುಕೊಳ್ಳುತ್ತಿದ್ದಾರೆ. ಹಾಗೆ ಬೈದುಕೊಂಡವರು ದೂರು ಕೊಡುವುದಿಲ್ಲ, ಸುಮ್ಮನೆ ಸೈಬರ್‌ಗೆ ಹೋಗಿ ದುಡ್ಡು ಕೊಡುತ್ತಾರೆ. ಹೀಗಾಗಿ ಅರ್ಜಿ ರೂಪಿಸಿದವರ ಕಿವಿಗೆ ಏನೂ ಬೀಳುವುದಿಲ್ಲ.

ಈ ಕೆಲಸದಲ್ಲಿರುವ ಗೆಳೆಯರಲ್ಲಿ ಒಂದು ಕೋರಿಕೆ. ನೀವು ಮಾಡಿದ ಅರ್ಜಿಯನ್ನು ಅರವತ್ತು ದಾಟಿದ ಒಬ್ಬರ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತು ನೋಡಿ. ಹೇಳಿಕೊಡಬೇಡಿ. ಅವರ ಬೆರಳು ಎಲ್ಲಿ ತಡೆಯುತ್ತದೋ ಅಲ್ಲಿ ತಿದ್ದಬೇಕಾದದ್ದು ನಿಮ್ಮ ಪುಟವನ್ನು.