ಇಂಚು, ಸೆಂಟು ಮತ್ತು ಜಲವರ್ಣ

ಜೂನ್ ತಿಂಗಳಲ್ಲಿ ಮಲೆನಾಡಿನ ಕಾಫಿ ತೋಟದವರನ್ನು ಮಾತಾಡಿಸಿ ನೋಡಿ. ಕ್ಷೇಮಸಮಾಚಾರಕ್ಕಿಂತ ಮೊದಲು ಮಳೆಯ ಲೆಕ್ಕ ಬರುತ್ತದೆ. ‘ನಿಮ್ಮಲ್ಲಿ ಎಷ್ಟು ಹೊಡೀತು?’ ‘ಮೂರು ಇಂಚು ನಲವತ್ತು ಸೆಂಟು.’ ಇಂಚಿನ ನೂರನೇ ಒಂದು ಪಾಲಿಗೆ ಅವರು ಸೆಂಟು ಎನ್ನುತ್ತಾರೆ. ಅಂಗಳದ ಮೂಲೆಯಲ್ಲೊಂದು ಮಳೆಮಾಪಕ, ಬೆಳಿಗ್ಗೆ ಕಾಫಿಗೂ ಮೊದಲು ಅದರ ನೀರನ್ನು ಅಳತೆಯ ಗಾಜಿಗೆ ಸುರಿದು ಕಣ್ಣಿನ ಮಟ್ಟಕ್ಕೆ ಹಿಡಿಯುವ ಯಜಮಾನರು, ಎಲೆಅಡಿಕೆ ತಟ್ಟೆಯ ಪಕ್ಕ ಒಂದು ಡೈರಿ. ಡೈರಿಯಲ್ಲಿ ವರ್ಣನೆ ಇಲ್ಲ. ಹೂಮಳೆ ಬಿದ್ದ ದಿನ, ಅದಾಗಿ ಎಂಟು ಹತ್ತು ದಿನಕ್ಕೆ ತೋಟ ಬೆಳ್ಳಗಾದ ದಿನ, ಆಮೇಲೆ ಬ್ಯಾಕಿಂಗ್ ಮಳೆ ಬಂತೋ ಕೈಕೊಟ್ಟಿತೋ, ಅಷ್ಟೇ. ಮಳೆ ಬಾರದ ದಿನಕ್ಕೂ ಒಂದು ಸಾಲು ಉಂಟು: ‘ನಿಲ್’.

ಇದನ್ನು ಯಾರೂ ನಿಸರ್ಗ ದಿನಚರಿ ಎಂದು ಕರೆಯುವುದಿಲ್ಲ. ಆ ಹೆಸರು ಈಗ ಬೇರೊಂದು ಪುಸ್ತಕಕ್ಕೆ ಸಂದಿದೆ. ದಪ್ಪ ಹಾಳೆ, ಜಲವರ್ಣದ ಪುಟ್ಟ ಪೆಟ್ಟಿಗೆ, ಭಾನುವಾರದ ಉದ್ಯಾನ, ಎಲೆಯೊಂದನ್ನು ಮುಂದಿಟ್ಟುಕೊಂಡು ಕೂತ ಹತ್ತಾರು ಜನ. ಅಮೆರಿಕದ ಜಾನ್ ಮ್ಯೂರ್ ಲಾಸ್ ಈ ಅಭ್ಯಾಸದ ದೊಡ್ಡ ಮೇಷ್ಟ್ರು. ಅವರ ಕೈಪಿಡಿ 2016ರಲ್ಲಿ ಬಂತು. ಅವರ ವಿಧಾನಕ್ಕೆ ಮೂರು ಮೆಟ್ಟಿಲು: ಏನು ಕಂಡಿತು, ಏನು ಪ್ರಶ್ನೆ ಹುಟ್ಟಿತು, ಇದು ಯಾವುದನ್ನು ನೆನಪಿಸಿತು. ಹೀಗೆ ಬರೆಯುತ್ತ ಬಂದರೆ ನೋಟ ಹರಿತವಾಗುತ್ತದೆ, ಕಲಿಕೆ ಆಳಕ್ಕಿಳಿಯುತ್ತದೆ, ಮನಸ್ಸು ತಣ್ಣಗಾಗುತ್ತದೆ ಎನ್ನುತ್ತಾರೆ. ಮನಸ್ಸು ತಣ್ಣಗಾಗುವ ವಿಷಯ ಬಿಡಿ, ಅದು ಹೆಣಿಗೆಯಿಂದಲೂ ಆಗುತ್ತದೆ. ಉಳಿದ ಎರಡು ಮಾತು ಎಷ್ಟು ನಿಜ ಎಂದು ತೂಗಿ ನೋಡುವ ಆಸೆಯಿಂದ ನಾನೂ ಮೂರು ವರ್ಷ ಒಂದು ನೋಟ್‌ಬುಕ್ ಇಟ್ಟೆ.

ಬರೆಯುವುದಕ್ಕಿಂತ ಚಿತ್ರ ಬಿಡಿಸುವುದೇ ಮೊದಲು ಕಣ್ಣು ತೆರೆಸಿತು ಎಂದು ಒಪ್ಪಿಬಿಡುತ್ತೇನೆ. ಮನೆ ಮುಂದಿನ ಹೊಂಗೆ ಮರವನ್ನು ಇಪ್ಪತ್ತು ವರ್ಷದಿಂದ ನೋಡಿದ್ದೇನೆ ಎಂದುಕೊಂಡಿದ್ದವನು ನಾನು. ಪೆನ್ಸಿಲ್ ಹಿಡಿದು ಕೂತ ಅರ್ಧ ಗಂಟೆಗೆ ಗೊತ್ತಾಯಿತು, ಇಷ್ಟು ದಿನ ಎಲೆ ಎಂದುಕೊಂಡಿದ್ದು ಎಲೆಯೇ ಅಲ್ಲ, ಎಲೆಯ ಒಂದು ಪಾಲು. ಒಂದೇ ಕಡ್ಡಿಗೆ ಎದುರುಬದುರು ಜೋಡಿ ಜೋಡಿ, ತುದಿಗೆ ಮಾತ್ರ ಒಂದು ಒಂಟಿ. ಆ ಒಂಟಿಯಿಂದಾಗಿ ಲೆಕ್ಕ ಯಾವಾಗಲೂ ಬೆಸ: ಐದು, ಏಳು, ಒಮ್ಮೊಮ್ಮೆ ಒಂಬತ್ತು. ಕಂಕುಳ ಮೊಗ್ಗು ಇರುವುದು ಇಡೀ ಕಡ್ಡಿಯ ಬುಡದಲ್ಲಿ, ಒಂದೊಂದು ಪಾಲಿನ ಬುಡದಲ್ಲಲ್ಲ. ಹಾಗಾಗಿ ಆ ಇಡೀ ಕಡ್ಡಿಯೇ ಒಂದು ಎಲೆ. ಇದನ್ನು ಹೈಸ್ಕೂಲಿನ ಸಸ್ಯಶಾಸ್ತ್ರದಲ್ಲಿ ‘ಸಂಯುಕ್ತ ಪತ್ರ’ ಎಂದು ಓದಿ ಅಂಕ ತೆಗೆದುಕೊಂಡಿದ್ದೆ. ಆ ಹೆಸರು ಗೊತ್ತಿದ್ದೂ ಎಲೆ ಕಂಡಿರಲಿಲ್ಲ. ಫೋನ್ ತೋರಿಸಿದರೆ ಸಾಕು ಗಿಡದ ಹೆಸರು ಹೇಳುವ ಆ್ಯಪ್‌ಗಳ ಬಗ್ಗೆ ನನ್ನ ತಕರಾರು ಇದೊಂದೇ. ಹೆಸರು ಮೊದಲೇ ಸಿಕ್ಕಿಬಿಟ್ಟರೆ ನೋಡುವ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಹಾರ್ವರ್ಡ್‌ನ ಲೂಯಿ ಅಗಾಸಿ ಈ ಪಾಠವನ್ನು ಶಿಷ್ಯರಿಗೆ ಕ್ರೂರವಾಗಿಯೇ ಕಲಿಸುತ್ತಿದ್ದ. ಸ್ಯಾಮ್ಯುಯೆಲ್ ಸ್ಕಡರ್ ಎಂಬ ಹುಡುಗನ ಮುಂದೆ ಒಂದು ಸತ್ತ ಮೀನನ್ನಿಟ್ಟು ನೋಡು ಎಂದು ಹೊರಟುಹೋದ. ಹತ್ತು ನಿಮಿಷದಲ್ಲಿ ನೋಡಿ ಮುಗಿಯಿತು ಎಂದುಕೊಂಡ ಹುಡುಗ ಅದೇ ಮೀನಿನ ಮುಂದೆ ಮೂರು ದಿನ ಕೂತ. ಬೇಸರ ತಾಳದೆ ಚಿತ್ರ ಬರೆಯತೊಡಗಿದಾಗಲೇ ಹೊಸ ಸಂಗತಿಗಳು ಕಂಡವು. ಸ್ಕಡರ್ ಮುಂದೆ ಹೆಸರಾಂತ ಕೀಟಶಾಸ್ತ್ರಜ್ಞನಾಗಿ 1874ರಲ್ಲಿ ಇದನ್ನು ಬರೆದ. ಇಂದಿಗೂ ನಿಸರ್ಗ ದಿನಚರಿಯ ಕಮ್ಮಟಗಳಲ್ಲಿ ಈ ಕತೆಗೆ ಪುರಾಣದ ಮರ್ಯಾದೆ. ಆದರೆ ಕತೆಯ ಬಾಲವನ್ನು ಯಾರೂ ಹೇಳುವುದಿಲ್ಲ. ಅಷ್ಟು ಚೂಪು ಕಣ್ಣಿನ ಅಗಾಸಿ 1873ರಲ್ಲಿ ಸಾಯುವವರೆಗೂ ಡಾರ್ವಿನ್ನನ ವಿಕಾಸವಾದವನ್ನು ಒಪ್ಪಲಿಲ್ಲ. ಮೀನಿನ ಒಂದೊಂದು ಪೊರೆಯನ್ನೂ ಕಂಡವನಿಗೆ ಮೀನುಗಳ ನಡುವಿನ ನಂಟು ಕಾಣಲಿಲ್ಲ.

ಡಾರ್ವಿನ್ನನಾದರೂ ಎಲ್ಲವನ್ನೂ ಬರೆದಿಟ್ಟವನೇನಲ್ಲ. 1835ರಲ್ಲಿ ಗಲಾಪಗೋಸ್‌ನಲ್ಲಿ ಹಿಡಿದ ಫಿಂಚ್ ಹಕ್ಕಿಗಳಲ್ಲಿ ಹೆಚ್ಚಿನವಕ್ಕೆ ಯಾವ ದ್ವೀಪದ್ದು ಎಂಬ ಚೀಟಿಯನ್ನೇ ಅವನು ಅಂಟಿಸಿರಲಿಲ್ಲ. ಎರಡು ವರ್ಷದ ಮೇಲೆ ಲಂಡನ್ನಿನಲ್ಲಿ ಪಕ್ಷಿತಜ್ಞ ಜಾನ್ ಗೂಲ್ಡ್ ಇವೆಲ್ಲ ಬೇರೆ ಬೇರೆ ಪ್ರಭೇದ ಎಂದಾಗ, ಹಡಗಿನ ಕ್ಯಾಪ್ಟನ್ ಫಿಟ್ಜ್‌ರಾಯ್ ಮೊದಲಾದ ಸಂಗಡಿಗರ ಚೀಟಿ ಅಂಟಿಸಿದ ಹಕ್ಕಿಗಳನ್ನು ಕೇಳಿ ಪಡೆಯಬೇಕಾಯಿತು. ಜಾಗದ ಹೆಸರು ಎಂಬ ಜುಜುಬಿ ವಿವರ! ನನ್ನ ನೋಟ್‌ಬುಕ್ಕಿನ ಮೊದಲ ವರ್ಷದ ಪುಟಗಳಲ್ಲಿ ‘ಎಷ್ಟು ಸುಂದರ ಬೆಳಗು’ ಎಂದಿದೆ, ‘ಮರದ ತುಂಬ ಹಕ್ಕಿಗಳು’ ಎಂದಿದೆ. ಯಾವ ದಿನ, ಯಾವ ಮರ, ಎಷ್ಟು ಹೊತ್ತು ಎಂದು ಕೇಳಿದರೆ ನನಗೇ ತಿಳಿಯದು.

ಈ ಅಭ್ಯಾಸದ ಶಕ್ತಿ ಮತ್ತು ಮಿತಿ ಎರಡನ್ನೂ ಒಬ್ಬನಲ್ಲೇ ನೋಡಬೇಕೆಂದರೆ ಇಂಗ್ಲೆಂಡಿನ ಸೆಲ್‌ಬೋರ್ನ್ ಹಳ್ಳಿಯ ಪಾದ್ರಿ ಗಿಲ್ಬರ್ಟ್ ವೈಟ್ ಸಾಕು. 1751ರಲ್ಲಿ ಆತ ತೋಟದ ಲೆಕ್ಕದ ಪುಸ್ತಕ ಶುರುಮಾಡಿದ. ಆಮೇಲೆ ಡೇನ್ಸ್ ಬ್ಯಾರಿಂಗ್ಟನ್ ಎಂಬ ಸ್ನೇಹಿತ ಅಚ್ಚು ಹಾಕಿಸಿದ ಕಾಲಂಗಳ ಪುಸ್ತಕ ಕೊಟ್ಟ: ಉಷ್ಣತೆ, ಗಾಳಿ, ಮಳೆ, ಮೊದಲು ಚಿಗುರಿದ ಮರ, ಮೊದಲು ಅರಳಿದ ಹೂ, ಬಂದ ಹಕ್ಕಿ, ಹೋದ ಹಕ್ಕಿ. ನಮ್ಮ ಸರ್ಕಾರಿ ರಿಜಿಸ್ಟರ್‌ಗಳಂಥದ್ದೇ. ವೈಟ್ 1768ರಿಂದ ಅದನ್ನು ತುಂಬುತ್ತ ಹೋದ, 1793ರಲ್ಲಿ ಸಾಯುವ ಕೆಲವೇ ದಿನ ಮೊದಲಿನವರೆಗೆ. ಕಣ್ಣಿಗೆ ಒಂದೇ ಥರ ಕಾಣುವ ಮೂರು ಪುಟ್ಟ ಉಲಿಯಕ್ಕಿಗಳು ಮೂರು ಬೇರೆ ಪ್ರಭೇದ ಎಂದು ಅವುಗಳ ಕೂಗಿನ ಮೇಲೆ ಬಿಡಿಸಿ ತೋರಿಸಿದವನು ಅವನು. ಸೋದರತ್ತೆಯಿಂದ ಬಂದ ಟಿಮೊತಿ ಎಂಬ ಆಮೆ ಯಾವಾಗ ಮಣ್ಣಿಗಿಳಿಯಿತು, ಯಾವಾಗ ಎದ್ದಿತು ಎಂದು ವರ್ಷವರ್ಷವೂ ಬರೆದ. ಟಿಮೊತಿ ಹೆಣ್ಣು ಎಂದು ಗೊತ್ತಾದದ್ದು ಮಾತ್ರ ಅವನ ಕಾಲದ ಮೇಲೆ.

ಇಷ್ಟೆಲ್ಲ ಬರೆದವನಿಗೆ ಒಂದು ಭ್ರಮೆ ಕೊನೆಯವರೆಗೂ ಬಿಡಲಿಲ್ಲ. ಸ್ವಾಲೊ ಜಾತಿಯ ಹಕ್ಕಿಗಳು ಚಳಿಗಾಲದಲ್ಲಿ ದೂರದೇಶಕ್ಕೆ ಹೋಗುತ್ತವೆ ಎಂಬುದನ್ನು ಅರ್ಧ ಒಪ್ಪಿದ್ದ, ಕೆಲವಾದರೂ ಇಲ್ಲೇ ಎಲ್ಲೋ ಪೊದೆಯಲ್ಲೋ ಸಂದಿಯಲ್ಲೋ ನಿದ್ದೆ ಹೋಗುತ್ತವೆ ಎಂದು ಶಂಕಿಸುತ್ತಲೇ ಇದ್ದ. ಊರ ಗುಡ್ಡದ ಪೊದೆಗಳನ್ನು ಆಳುಗಳಿಂದ ಬಗೆಸಿಯೂ ನೋಡಿದ. ಒಂದೂ ಸಿಗಲಿಲ್ಲ. ವಿಚಿತ್ರವೆಂದರೆ ಈ ಶಂಕೆಗೆ ನೀರೆರೆದದ್ದೂ ಅದೇ ದಿನಚರಿ. ಎಲ್ಲ ಹೊರಟುಹೋದ ಮೇಲೆ ನವೆಂಬರಿನ ಒಂದು ಬೆಚ್ಚನೆ ದಿನ ಕೆಲವು ಹಕ್ಕಿ ಮತ್ತೆ ಕಂಡದ್ದನ್ನು ಆತ ಪ್ರಾಮಾಣಿಕವಾಗಿ ಬರೆದುಕೊಂಡಿದ್ದ. ಸರಿಯಾದ ದಾಖಲೆಯಿಂದ ತಪ್ಪು ತೀರ್ಮಾನ. ಒಂದೇ ಊರಲ್ಲಿ ಕೂತು ಬರೆದ ಪುಸ್ತಕ ಆ ಊರಿನ ಆಚೆಗೆ ಹಾರಿಹೋದ ಹಕ್ಕಿಯ ವಿಳಾಸ ಹೇಳಲಾರದು. ನೋಟ ಹರಿತವಾಗುವುದೇನೋ ನಿಜ, ಕಲಿಕೆಗೆ ಇನ್ನೊಂದು ಊರಿನ ಇನ್ನೊಬ್ಬರ ಪುಸ್ತಕವೂ ಬೇಕು. ಒಬ್ಬನೇ ಒಳಮುಖವಾಗಿ ಕೂತು ಮಾಡುವ ಧ್ಯಾನ ಎಂಬಂತೆ ಈ ಅಭ್ಯಾಸವನ್ನು ಮಾರುವವರನ್ನು ಕಂಡಾಗ ನನಗೆ ಆ ಗುಡ್ಡದ ಪೊದೆಗಳು ನೆನಪಾಗುತ್ತವೆ.

ಇನ್ನು ಅಮೆರಿಕದ ಲೇಖಕ ಹೆನ್ರಿ ಡೇವಿಡ್ ಥೋರೋ. 1837ರ ಅಕ್ಟೋಬರ್ 22ರಂದು, ಇಪ್ಪತ್ತರ ಹರೆಯದಲ್ಲಿ ಶುರುವಾದ ಅವನ ಜರ್ನಲ್ 1861ರವರೆಗೆ ನಡೆದು ಸುಮಾರು ಇಪ್ಪತ್ತು ಲಕ್ಷ ಪದಗಳಾಯಿತು. ಮೊದಲರ್ಧದಲ್ಲಿ ಚಿಂತನೆ, ಕಾವ್ಯ, ಮಿಂಚು. 1850ರ ಈಚೆಗೆ ಪುಟಗಳು ಒಣಗುತ್ತ ಹೋಗುತ್ತವೆ. ಯಾವ ಹೂ ಯಾವ ದಿನ ಅರಳಿತು, ಹೊಳೆಯ ನೀರು ಎಷ್ಟು ಏರಿತು, ಇಂಥವೇ. ತನ್ನ ನೋಟ ವಿವರಗಳಿಗೆ ಕುಗ್ಗುತ್ತಿದೆಯೇ ಎಂದು 1851ರಲ್ಲಿ ಅವನೇ ಅಳುಕಿದ್ದ. ಸಾಹಿತ್ಯ ವಿಮರ್ಶಕರು ಬಹುಕಾಲ ಇದನ್ನು ಪ್ರತಿಭೆಯ ಇಳಿಗಾಲ ಎಂದೇ ಓದಿದರು. ನಾನೂ ಹಾಗೆಯೇ ಓದಿ, ಆ ಭಾಗಗಳನ್ನು ಹಾರಿಸಿದ್ದೆ.

ಹಾರಿಸದೆ ಓದಿದವರು ಬಾಸ್ಟನ್ ವಿಶ್ವವಿದ್ಯಾಲಯದ ರಿಚರ್ಡ್ ಪ್ರೈಮ್ಯಾಕ್ ಮತ್ತು ಅವರ ಶಿಷ್ಯ ಅಬ್ರಹಾಂ ಮಿಲ್ಲರ್-ರಶಿಂಗ್. 1850ರ ದಶಕದಲ್ಲಿ ಕಾಂಕರ್ಡ್ ಊರಿನ ನೂರಾರು ಗಿಡಗಳ ಮೊದಲ ಹೂವಿನ ದಿನವನ್ನು ಥೋರೋ ಪಟ್ಟಿ ಮಾಡಿದ್ದ. ಇವರು ಅದೇ ಊರಿನ ಅದೇ ಗಿಡಗಳನ್ನು ಹುಡುಕಿಕೊಂಡು ಅಲೆದು ಹೋಲಿಸಿದರು. 2008ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಅಲ್ಲಿನ ಗಿಡಗಳು ಥೋರೋನ ಕಾಲಕ್ಕಿಂತ ಸರಾಸರಿ ಏಳು ದಿನ ಮುಂಚೆ ಹೂ ಬಿಡುತ್ತಿವೆ. ಅವನು ಕಂಡಿದ್ದ ಪ್ರಭೇದಗಳಲ್ಲಿ ಕಾಲುಭಾಗಕ್ಕೂ ಹೆಚ್ಚು ಈಗ ಅಲ್ಲಿ ಇಲ್ಲವೇ ಇಲ್ಲ. ಭೂಮಿ ಬಿಸಿಯಾಗುತ್ತಿದೆ ಎಂಬ ಮಾತಿಗೆ ಒಂದು ಊರಿನ ಹೂಗಳು ಸಾಕ್ಷಿ ಹೇಳಿದ್ದು ಆ ಒಣ ಪುಟಗಳಿಂದ. ಅವನ ಮಿಂಚಿನ ಪುಟಗಳನ್ನು ಜನ ಗೋಡೆಗೆ ಅಂಟಿಸಿಕೊಳ್ಳುತ್ತಾರೆ; ವಿಜ್ಞಾನಕ್ಕೆ ಬೇಕಾದದ್ದು ಬೇಸರದ ಪುಟಗಳು. ಥೋರೋನ ಬಗ್ಗೆ ನನ್ನ ಸಾಹಿತ್ಯಕ ತೀರ್ಪನ್ನು ಆಮೇಲೆ ನಾನು ತಿದ್ದಿಕೊಂಡೆ. ಬರೆಯುವ ಹೊತ್ತಿಗೆ ಯಾವ ಸಾಲು ಮುಖ್ಯವಾದೀತು ಎಂದು ಬರೆಯುವವನಿಗೆ ತಿಳಿದಿರುವುದಿಲ್ಲ.

ಇದಕ್ಕೆ ತದ್ವಿರುದ್ಧವಾದ ಭಾಗ್ಯ ಎಡಿತ್ ಹೋಲ್ಡನ್ ಎಂಬಾಕೆಯ ಪುಸ್ತಕಕ್ಕೆ. ಚಿತ್ರಕಲೆಯ ಪಾಠ ಹೇಳುತ್ತಿದ್ದ ಈಕೆ 1906ರ ಒಂದು ವರ್ಷ ಬಣ್ಣದ ಚಿತ್ರಗಳ ಸಮೇತ ಬರೆದಿಟ್ಟದ್ದು 1977ರಲ್ಲಿ ಅಚ್ಚಾಗಿ ಲಕ್ಷಗಟ್ಟಲೆ ಮಾರಿತು, ಚಹಾ ಬಟ್ಟಲು, ಮೇಜುಬಟ್ಟೆಗಳ ಮೇಲೂ ಕುಳಿತಿತು. ಚಿತ್ರಗಳು ನಿಜಕ್ಕೂ ಚೆನ್ನ, ತಾರೀಖುಗಳೂ ಇವೆ. ಆದರೆ ಒಂದೇ ವರ್ಷ. ಹೋಲಿಸಲು ಎರಡನೆಯದಿಲ್ಲ. ಇಂದಿನ ಜಲವರ್ಣದ ದಿನಚರಿಗಳು ವೈಟ್‌ನ ಮಕ್ಕಳಲ್ಲ, ಹೋಲ್ಡನ್ನಳ ಮೊಮ್ಮಕ್ಕಳು ಎಂದು ನನ್ನ ಗುಮಾನಿ. ಒಂದು ಪುಟ ಕೆಟ್ಟರೆ ಹರಿದು ಹಾಕಬೇಕು ಅನ್ನಿಸುವಷ್ಟು ಚೆಂದದ ಪುಸ್ತಕದಲ್ಲಿ ‘ಗೊತ್ತಾಗಲಿಲ್ಲ’ ಎಂದು ಬರೆಯಲು ಕೈ ಬಾರದು. ಲಾಸ್ ಅವರೇ ಚೆಂದದ ಚಿತ್ರ ಗುರಿಯಲ್ಲ ಎಂದು ಮತ್ತೆ ಮತ್ತೆ ಹೇಳುತ್ತಾರೆ, ಪಾಪ. ಅವರ ಎರಡನೇ ಮೆಟ್ಟಿಲು, ಪ್ರಶ್ನೆ, ನನ್ನ ಮಟ್ಟಿಗೆ ಇಡೀ ವಿಧಾನದ ಜೀವ. ಮೂರನೆಯದರ ಮೇಲೆ ನನಗೆ ಅಷ್ಟು ನಂಬಿಕೆಯಿಲ್ಲ. ಕೋಗಿಲೆ ಕೂಗಿದರೆ ನಮ್ಮಂಥ ಕನ್ನಡ ಓದಿದವರಿಗೆ ವಸಂತ ನೆನಪಾಗುತ್ತದೆ, ಮಾವಿನ ಚಿಗುರು ನೆನಪಾಗುತ್ತದೆ, ಹಾಡುವ ಹೆಣ್ಣಿನ ಕೊರಳು ನೆನಪಾಗುತ್ತದೆ. ಆದರೆ ಕುಹೂ ಎನ್ನುವುದು ಗಂಡು, ಹೆಣ್ಣಿನದು ಕಿಕ್ ಕಿಕ್ ಎಂಬ ಕಿರುಚಲು. ನಮ್ಮ ಬೀದಿಯಲ್ಲಿ ಆ ಕುಹೂ ಚೈತ್ರಕ್ಕೆ ಕಾಯಲಿಲ್ಲ, ಮಾಘದಲ್ಲೇ ಶುರುವಾಗಿತ್ತು.

ನಮ್ಮಲ್ಲಿ ನೋಡುವವರಿಗೆ ಬರವಿರಲಿಲ್ಲ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಕ್ಕೆ ಒಂದೊಂದು ಮಳೆಯ ಹೆಸರು, ಒಂದೊಂದಕ್ಕೂ ಗಾದೆ. ರೋಹಿಣಿ ಚೆನ್ನಾದರೆ ಜೋಳ ಹುಲುಸು, ಆರಿದ್ರೆ ಬಿಟ್ಟೂ ಬಿಡದೆ ಸುರಿಯುತ್ತದೆ. ಇವು ತಲೆಮಾರುಗಳ ನೋಟದ ಸಾರ. ಗಾದೆ ಸರಾಸರಿಯನ್ನು ಕಾಪಾಡುತ್ತದೆ, ಆದರೆ ಆರಿದ್ರೆ ಕೈಕೊಟ್ಟ ಆ ಒಂದು ವರ್ಷವನ್ನು ಮರೆತುಬಿಡುತ್ತದೆ. ನೆನಪಿನ ಸ್ವಭಾವವೂ ಅದೇ. ನಕ್ಷತ್ರದ ಮಳೆ ಸೂರ್ಯನ ಲೆಕ್ಕದ್ದಾದ್ದರಿಂದ ರೋಹಿಣಿ ಪ್ರತಿವರ್ಷ ಮೇ ಕೊನೆಯ ವಾರಕ್ಕೇ ಬರುತ್ತದೆ. ಹಬ್ಬ ಹಾಗಲ್ಲ. ‘ಯುಗಾದಿಗೆ ಹೊಂಗೆ ಚಿಗುರುತ್ತೆ’ ಎನ್ನುತ್ತೇವೆ. 2023ರ ಯುಗಾದಿ ಮಾರ್ಚ್ 22ಕ್ಕೆ ಬಂದರೆ 2024ರದು ಏಪ್ರಿಲ್ 9ಕ್ಕೆ. ಚಾಂದ್ರಮಾನದ ಹಿಂದೆ ಹದಿನೆಂಟು ದಿನ ಮರ ಓಡುತ್ತದೆಯೇ? ಬರೆದಿಡದಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಶಾಲೆಗಳಿಗೆ ಈ ಅಭ್ಯಾಸ ಬರಲಿ ಎನ್ನುವವರ ಪೈಕಿ ನಾನೂ ಒಬ್ಬ, ಆದರೆ ಬರುವ ರೀತಿ ಕಂಡು ದಿಗಿಲು. ಅಕ್ಕನ ಮಗಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ವಾರ ಗಿಡವೊಂದನ್ನು ಗಮನಿಸಿ ಬರೆಯುವ ಪ್ರಾಜೆಕ್ಟ್ ಬಂತು. ಮೂರನೇ ದಿನ ಅವಳು ಬರೆದಳು: ‘ಇವತ್ತು ಏನೂ ಆಗಿಲ್ಲ.’ ಅದರ ಮೇಲೆ ಕೆಂಪು ಇಂಕಿನ ಗೀಟು, ಏನಾದರೂ ಬರೆಯಬೇಕು ಎಂಬ ಸೂಚನೆ. ನಾಲ್ಕನೇ ದಿನ ಗಿಡ ಎರಡು ಸೆಂಟಿಮೀಟರ್ ಬೆಳೆಯಿತು, ಐದನೇ ದಿನ ಮೊಗ್ಗು ಬಿಟ್ಟಿತು, ಎಲ್ಲವೂ ಊಟದ ಮೇಜಿನ ಮೇಲೆ. ಪೂರ್ತಿ ಅಂಕ ಬಂತು. ಇಡೀ ಪುಸ್ತಕದಲ್ಲಿ ನಿಜವಾಗಿ ಗಮನಿಸಿ ಬರೆದ ಸಾಲು ಆ ಗೀಟು ಬಿದ್ದ ಸಾಲು. ತೋಟದ ಯಜಮಾನರ ‘ನಿಲ್’ ಅದೇ ತಾನೆ? ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಯೋಜನೆ ಮಕ್ಕಳಿಂದ ವಾರವಾರವೂ ಒಂದೇ ಮರದ ಚಿಗುರು, ಹೂ, ಕಾಯಿಯ ಲೆಕ್ಕ ಕೇಳುತ್ತದೆ, ಮೂರೇ ಉತ್ತರ: ಇಲ್ಲ, ಸ್ವಲ್ಪ, ತುಂಬ. ‘ಇಲ್ಲ’ ಅಲ್ಲಿ ತಪ್ಪುತ್ತರವಲ್ಲ. ಬಣ್ಣದ ಪೆಟ್ಟಿಗೆಗಿಂತ ಇದು ಶಾಲೆಗೆ ಒಗ್ಗುವ ದಾರಿ, ಅಗ್ಗವೂ ಹೌದು.

ನನ್ನ ಪುಸ್ತಕದಲ್ಲಿ ಹೊಂಗೆಗೆ ಒಂದು ಪುಟ ಮೀಸಲು. ಮೊದಲ ವರ್ಷ ಚಿಗುರು ಕಂಡದ್ದು ಮಾರ್ಚ್ 9. ಎರಡನೇ ವರ್ಷ ಫೆಬ್ರುವರಿ 26. ಮೂರನೇ ವರ್ಷ ಆ ಹೊತ್ತಿಗೆ ನಾನು ಊರಲ್ಲಿರಲಿಲ್ಲ, ವಾಪಸು ಬಂದಾಗ ಮರವೆಲ್ಲ ಹಸಿರು. ಎದುರು ಮನೆಯ ಅಜ್ಜಿ ದಿನವೂ ಜಗಲಿಯಲ್ಲಿ ಕೂರುವವರು, ಅವರನ್ನು ಕೇಳಿದೆ. ‘ಯಾವಾಗ ಚಿಗುರಿತು ಅಜ್ಜಿ?’ ‘ಇನ್ನ್ಯಾವಾಗಪ್ಪಾ, ಯುಗಾದಿ ಹೊತ್ತಿಗೆ’ ಎಂದರು. ಆ ಸಾಲನ್ನು ಖಾಲಿ ಬಿಟ್ಟಿದ್ದೇನೆ.