ಬಾಲಚಕ್ರದ ವಿಮಾನವೂ ಗಂಗೊಳ್ಳಿಯ ಅಳಿವೆಯೂ

ಮೂರೂ ಚಕ್ರಗಳನ್ನು ಒಟ್ಟಿಗೆ ನೆಲಕ್ಕೂರುವುದು ಮೇಲೋ, ಬಾಲವನ್ನು ಎತ್ತಿಹಿಡಿದು ಮುಂದಿನ ಎರಡನ್ನೇ ಮೊದಲು ಊರುವುದು ಮೇಲೋ ಎಂಬ ಹಳೆಯ ಜಗಳ ಈ ವಾರಕ್ಕೆ ನಿಗದಿಯಾಗಿತ್ತು. ಆದರೆ ಬಾಲಚಕ್ರದ ಸಣ್ಣ ವಿಮಾನಕ್ಕೇ ವಿಶಿಷ್ಟವಾದ ಅವಘಡ ಸಂಭವಿಸುವುದು ಚಕ್ರ ನೆಲ ಮುಟ್ಟಿದ ಅನಂತರದ ಓಟದಲ್ಲಾದ್ದರಿಂದ, ಆ ಜಗಳಕ್ಕೆ ಸಲ್ಲುತ್ತಿರುವ ಮಹತ್ವ ಅತಿಯಾಯಿತು.

ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿದ ಎಚ್‌ಟಿ-2, 1958ರಲ್ಲಿ ಹಾರಿದ ಎರಡು ಆಸನಗಳ ಪುಷ್ಪಕ್, ಇವೆರಡೂ ಈ ಜಾತಿಯವೇ. ಜಕ್ಕೂರಿನಲ್ಲಿ ಹಾರಾಟ ಕಲಿತ ಹಳಬರಿಗೆ ಪುಷ್ಪಕ್‌ನ ಸ್ವಭಾವವನ್ನು ಹೇಳಿಕೊಡಬೇಕಾಗಿಲ್ಲ. ಇಂಥ ವಿಮಾನದ ಗುರುತ್ವಕೇಂದ್ರ, ಅಂದರೆ ಒಟ್ಟು ಭಾರ ನೆಲೆಗೊಂಡಂತೆ ವರ್ತಿಸುವ ಬಿಂದು, ಮುಖ್ಯ ಚಕ್ರಗಳ ಹಿಂದಿರುತ್ತದೆ. ಆದ್ದರಿಂದ ಓಡುವಾಗ ಮೂತಿ ತುಸು ಓರೆಯಾದರೂ ಹಿಂದಿನ ಭಾರವು ತನ್ನ ಹಳೆಯ ದಿಕ್ಕಿನಲ್ಲೇ ನುಗ್ಗಿ ಆ ಓರೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ, ವೇಗ ಇಳಿದಂತೆ ರಡ್ಡರಿನ, ಅಂದರೆ ಕಾಲಿನಿಂದ ಆಡಿಸುವ ಬಾಲದ ಚುಕ್ಕಾಣಿಯ, ಮೇಲೆ ಹರಿಯುವ ಗಾಳಿಯೂ ಕುಗ್ಗಿ ಪೈಲಟನ ಕಾಲಿಗೆ ವಿಮಾನ ಓಗೊಡದಾಗುತ್ತದೆ, ಕೊನೆಗೆ ಹೊರಬದಿಯ ರೆಕ್ಕೆ ನೆಲಕ್ಕೆ ತಾಗಿ ಚಕ್ರದ ಕಾಲು ಮುರಿಯುವುದುಂಟು. ಗ್ರೌಂಡ್ ಲೂಪ್ ಎನ್ನುವುದು ಇದನ್ನೇ. 1944ರಲ್ಲಿ ಪ್ರಕಟವಾದ ‘ಸ್ಟಿಕ್ ಅಂಡ್ ರಡ್ಡರ್’ ಗ್ರಂಥದಲ್ಲಿ ವೋಲ್ಫ್‌ಗ್ಯಾಂಗ್ ಲಾಂಗೆವೀಷೆ, ಆಕಾಶದಲ್ಲಿ ವಿಮಾನವನ್ನು ತಿರುಗಿಸುವುದು ರಡ್ಡರ್ ಅಲ್ಲವೆಂದು ಪಟ್ಟುಹಿಡಿದು ವಾದಿಸಿದ್ದಾನೆ. ನೆಲಕ್ಕಿಳಿದ ಮರುಕ್ಷಣ ಅದೇ ರಡ್ಡರ್ ಪೈಲಟನ ಮುಖ್ಯ ಆಸರೆಯಾಗುವುದು ಈ ವಿದ್ಯೆಯ ವಿಚಿತ್ರ.

ಬಾಲಚಕ್ರ ಪಳಗಿಸಿದವನೇ ನಿಜವಾದ ಪೈಲಟ್, ಮೂಗುಚಕ್ರದವರು ಸೋಮಾರಿ ಕಾಲಿನವರು ಎಂದು ಬೀಗುವ ಪಂಥವೊಂದಿದೆ. ಪ್ರೊಪೆಲ್ಲರನ್ನು ನೆಲದಿಂದ ಎತ್ತರದಲ್ಲಿಡಲು, ಉಬ್ಬುತಗ್ಗಿನ ಹುಲ್ಲುಗಾವಲಿನಲ್ಲಿ ಇಳಿಯಲು ಅನುಕೂಲವೆಂದು ಬಂದ ಈ ಜೋಡಣೆಯನ್ನು ಚಾರಿತ್ರ್ಯದ ಪರೀಕ್ಷೆಯಾಗಿ ಪೂಜಿಸುವ ಅಗತ್ಯ ಈ ಅಂಕಣಕ್ಕೆ ಎಂದೂ ಕಂಡಿಲ್ಲ. ಹುಲ್ಲಿನ ಮೇಲೆ ಅಡ್ಡ ಜಾರಿ ತಪ್ಪನ್ನು ಮನ್ನಿಸುತ್ತಿದ್ದ ಚಕ್ರ ಡಾಂಬರಿನ ಮೇಲೆ ಕಚ್ಚಿ ಹಿಡಿಯುವುದರಿಂದ, ಹಳೆಯ ಗುಣವೇ ಹೊಸ ರನ್‌ವೇಯಲ್ಲಿ ದೋಷವಾಯಿತೆಂಬುದನ್ನು ಆ ಪಂಥ ಮರೆಯುತ್ತದೆ.

ಈ ದೋಷಕ್ಕೆ ನಮ್ಮ ಕಡೆ ಅಡ್ಡಗಾಳಿಯೂ ಕೂಡಿಕೊಳ್ಳುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳ ಕರಾವಳಿ ಹೆಚ್ಚುಕಡಿಮೆ ಉತ್ತರ-ದಕ್ಷಿಣವಾಗಿ ಚಾಚಿಕೊಂಡಿದ್ದು, ಮಧ್ಯಾಹ್ನದ ಕಡಲಗಾಳಿ ಪಡುವಣದಿಂದ ಬೀಸುವುದರಿಂದ, ತ್ರಾಸಿ-ಮರವಂತೆಯ ಹೆದ್ದಾರಿಯಂತೆ ತೀರದುದ್ದಕ್ಕೂ ಸಾಗುವ ಯಾವುದೇ ಪಟ್ಟಿಯ ಮೇಲೆ ಗಾಳಿ ಅಡ್ಡವಾಗಿಯೇ ಹೊಡೆಯುತ್ತದೆ, ಬಾಲವನ್ನು ಪಕ್ಕಕ್ಕೆ ತಳ್ಳಿ ಮೂತಿಯನ್ನು ಕಡಲಿನತ್ತ ತಿರುಗಿಸುತ್ತದೆ. 1951ರ ಡಿಸೆಂಬರ್ 25ರಂದು ನೆಹರೂ ಬಜ್ಪೆಯ ವಿಮಾನ ನಿಲ್ದಾಣಕ್ಕೆ ಬಂದಿಳಿದ ಡಕೋಟಾ ವಿಮಾನ ಕೂಡ ಬಾಲಚಕ್ರದ್ದೇ, ಗಾತ್ರ ಮಾತ್ರ ದೊಡ್ಡದು. ಬಜ್ಪೆಯ ಆ ಹಳೆಯ ರನ್‌ವೇ ಪೂರ್ವ-ಪಶ್ಚಿಮವಾಗಿದ್ದುದು ವಿವೇಕದ ಮಾತು.

ಆದರೆ ಈ ತಾಲ್ಲೂಕುಗಳಲ್ಲಿ ಗ್ರೌಂಡ್ ಲೂಪನ್ನು ಮೈಯಲ್ಲಿ ಅರಿತವರು ಪೈಲಟರಲ್ಲ, ನಾಡದೋಣಿಯವರು. ಗಂಗೊಳ್ಳಿ, ಕೊಡೇರಿ, ಕೋಡಿಬೆಂಗ್ರೆಯ ಅಳಿವೆಗಳಲ್ಲಿ, ಅಂದರೆ ನದಿ ಕಡಲನ್ನು ಸೇರುವ ಬಾಯಿಗಳಲ್ಲಿ, ಮರಳದಿಬ್ಬದ ಮೇಲೆ ಎದ್ದ ಅಲೆ ಹಿಂದಿನಿಂದ ಬಂದು ದೋಣಿಯ ಹಿಂಬದಿಯನ್ನೆತ್ತಿದಾಗ ಮುಂಬದಿ ನೀರಿಗೆ ಹೂತು ಅದೇ ಕೀಲಾಗುತ್ತದೆ, ಅಲೆಯೊಡನೆ ಸಮವೇಗದಲ್ಲಿ ಸಾಗುವ ದೋಣಿಯ ಚುಕ್ಕಾಣಿ ಹಿಡಿತ ಕಳೆದುಕೊಳ್ಳುತ್ತದೆ, ಹಿಂಬದಿ ಸುತ್ತಿ ಬಂದು ದೋಣಿ ಅಲೆಗೆ ಅಡ್ಡವಾಗಿ ಮಗುಚುತ್ತದೆ. 2020ರ ಆಗಸ್ಟ್‌ನಲ್ಲಿ ಕೊಡೇರಿಯ ಬಳಿ ದೋಣಿ ಮಗುಚಿ ನಾಲ್ವರು ಮೀನುಗಾರರು ತೀರಿಕೊಂಡರು. ಅನುಭವಿಗಳು ಹೊರಗೇ ಕಾದು, ದೊಡ್ಡ ಅಲೆಗಳನ್ನು ಮುಂದೆ ಬಿಟ್ಟು, ಒಂದು ಅಲೆಯ ಬೆನ್ನಿನ ಮೇಲೆ, ಹಿಂದಿನದು ಬಂದು ಹಿಡಿಯದಂತೆ ವೇಗ ಕಾಯ್ದುಕೊಂಡು ಒಳಬರುತ್ತಾರೆ. ಅಳಿವೆಯ ಮರಳಿನಿಂದ ಒಳ್ಳೆಯ ಮೀನುಗಾರ ತಯಾರಾಗುತ್ತಾನೆಂದು ಯಾರೂ ಅಲ್ಲಿ ಹೇಳುವುದಿಲ್ಲ. ಹೂಳೆತ್ತಿಸಿ, ತಡೆಗೋಡೆ ಉದ್ದ ಮಾಡಿ ಎಂದು ಕೇಳುತ್ತಾರೆ. ಪೈಲಟನಿಗೆ ಕಡಲಗಾಳಿಯನ್ನು ಮೂತಿಗೆ ಪಡೆಯುವ ರನ್‌ವೇಯನ್ನಾದರೂ ಕಟ್ಟಿಕೊಡಬಹುದು. ಪಡುವಣದಿಂದ ಮನೆಗೆ ಮರಳುವ ದೋಣಿಗೆ ಗಾಳಿಯೂ ಅಲೆಯೂ ಬೆನ್ನಿಗೇ ಬರುವುದರಿಂದ, ಯಾವ ಪೈಲಟನೂ ಬೇಕೆಂದು ಆರಿಸಿಕೊಳ್ಳದ ಇಳಿತ ಅದರ ನಿತ್ಯದ ಪಾಡು.